ನೀಲವ್ವತ್ತೆಯ ನಾಲ್ಕು ಸಾಲು

ಹೋದ ತಿಂಗಳು ಬೆಟಗೇರಿಯ ಕಿರಾಣಿ ಅಂಗಡಿಯೊಂದರಲ್ಲಿ ಜೀರಿಗೆ, ಸಾಸಿವೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವನು ಮೇಲಿನ ಹಲಗೆಯಿಂದ ಏನನ್ನೋ ಇಳಿಸುವಾಗ ಹಳೆಯ ಡಬ್ಬಿಯೊಂದರ ಮುಚ್ಚಳ ಕಳಚಿತು. ಗುಗ್ಗಳದ ವಾಸನೆ. ಕೆಂಡಕ್ಕೆ ಬೀಳುವ ಮೊದಲಿನ ಹಸಿ ಗುಗ್ಗಳದ್ದು. ಮರದ ಅಂಟಿನಂತೆ ತುಸು ಕಹಿ, ತುಸು ಸಿಹಿ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯೊಳಗಿನ ಬಟ್ಟೆಯ ಹಾಗೆ ತುಸು ಮುಗ್ಗು. ನನಗೀಗ ಅರವತ್ತು ದಾಟಿತು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದವಳು, ಅಂಗಡಿಯ ಕಟ್ಟೆಯ ಮುಂದೆ ಮಾತು ಮರೆತು ನಿಂತುಬಿಟ್ಟೆ. "ಮತ್ತೇನ್ ಕೊಡ್ಲಿ ಅಕ್ಕಾರ?" ಎಂದು ಅವನು ಎರಡು ಸಲ ಕೇಳಿದನಂತೆ. ನಾನಾಗ ನಮ್ಮೂರು ಡೋಣಿಯಲ್ಲಿದ್ದೆ, ನಮ್ಮಜ್ಜನ ಮನೆಯ ಒಳಕೋಣೆಯ ಹೊಸ್ತಿಲ ಮೇಲೆ, ಬರಿಗಾಲಲ್ಲಿ.

ಆ ಮನೆ ಈಗಿಲ್ಲ. ಕಪ್ಪತಗುಡ್ಡದ ಕಡೆಗೆ ಮುಖ ಮಾಡಿದ್ದ, ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಗಡಿಗೆಯ ನೀರಿನಷ್ಟು ತಂಪು. ಮೊದಲು ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡೇ ಆ ಕೋಣೆ. ಬೆಳಕು ಬರಲು ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಕೋಲು ನೇರವಾಗಿ ಗೋಡೆಯ ಗೂಟದ ಮೇಲೆ ಬೀಳುತ್ತಿತ್ತು. ಗೂಟಕ್ಕೆ ಕೆಂಪು ಬಟ್ಟೆಯಲ್ಲಿ ಸುತ್ತಿದ ವೀರಭದ್ರನ ಖಡ್ಗ. ಅದರ ಕೆಳಗೆ ಅಜ್ಜನ ಗೆಜ್ಜೆ, ಎದೆಗೆ ಕಟ್ಟಿಕೊಳ್ಳುವ ಹಿತ್ತಾಳೆಯ ಹಲಗೆ, ರುದ್ರಾಕ್ಷಿ, ಗುಗ್ಗಳದ ಗಂಟು. ನಮ್ಮಜ್ಜ ಈರಪ್ಪ ಹೊಲಮನೆ ಮಾಡಿಕೊಂಡಿದ್ದ ರೈತ. ಆದರೆ ಮುಂಡರಗಿಯಿಂದ ಶಿರಹಟ್ಟಿಯವರೆಗೆ ಜನ ಅವನನ್ನು ಗುರುತಿಸುತ್ತಿದ್ದದ್ದು ಪುರವಂತ ಎಂದು. ಮದುವೆಗೆ ಮೊದಲು ಗುಗ್ಗಳ, ಎಂದರೆ ವೀರಭದ್ರನ ಕೆಂಡದ ಮೆರವಣಿಗೆ, ಹೊರಡಿಸುವ ಮನೆಯವರು ಅಜ್ಜನನ್ನೂ ಅವನ ಬಳಗದ ಏಳೆಂಟು ಗಂಡಸರನ್ನೂ ಕರೆಸುತ್ತಿದ್ದರು. ಅವರು ಖಡ್ಗ ಹಿಡಿದು ಕುಣಿಯುತ್ತ, ವೀರಭದ್ರ ಹುಟ್ಟಿಬಂದ ಕಥೆಯನ್ನು ಒಡಪು ಕಟ್ಟಿ ಹೇಳುತ್ತ ಮೆರವಣಿಗೆಯ ಮುಂದೆ ಸಾಗುತ್ತಿದ್ದರು.

ದಿನವೂ ಎಮ್ಮೆ ಮೈ ತೊಳೆಯುವ, ನನ್ನ ಜಡೆ ಹಿಡಿದು ಎಳೆದು ನಗಿಸುವ ಅಜ್ಜ, ಗುಗ್ಗಳದ ದಿನ ಬೇರೆಯವನೇ ಆಗುತ್ತಿದ್ದ. ನಸುಕಿಗೆ ಮಿಂದು, ಉಪವಾಸವಿದ್ದು, ಕಾವಿ ಉಟ್ಟು, ಹಣೆಗೆ ಅಡ್ಡ ವಿಭೂತಿ ಬಳಿದು ಕೋಣೆಯಿಂದ ಹೊರಬಂದರೆ ನಾನು ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದೆ. ಸಮಾಳದವನು ಸೊಂಟಕ್ಕೆ ಕಟ್ಟಿದ ಚರ್ಮವಾದ್ಯದ ಮೇಲೆ ಕೋಲು ಹಾಕಿದೊಡನೆ ಅಜ್ಜನ ಕಣ್ಣುಗಳು ದೊಡ್ಡವಾಗುತ್ತಿದ್ದವು. ಒಮ್ಮೆ ಕೂಗು ಹಾಕಿದನೆಂದರೆ ಗೋಡೆಯ ಮಣ್ಣು ಉದುರೀತೆನಿಸುತ್ತಿತ್ತು. ಆಮೇಲೆ ಒಡಪು. ತಂದೆ ದಕ್ಷ ಯಜ್ಞ ಮಾಡಿದ, ಮಗಳು ದಾಕ್ಷಾಯಣಿಯನ್ನು ಕರೆಯಲಿಲ್ಲ. ಕರೆಯದೆಯೂ ಹೋದವಳಿಗೆ ಅಪಮಾನ ಮಾಡಿದ, ಅವಳು ಅದೇ ಯಜ್ಞಕುಂಡಕ್ಕೆ ಹಾರಿದಳು. ಶಿವ ಜಡೆ ಕಿತ್ತು ನೆಲಕ್ಕೆ ಅಪ್ಪಳಿಸಿದ, ವೀರಭದ್ರ ಎದ್ದ. ಅಜ್ಜ ಅದನ್ನು ಹೇಳುತ್ತಿರಲಿಲ್ಲ, ಕಣ್ಣಮುಂದೆ ನಡೆಸುತ್ತಿದ್ದ. ಬೆವರು, ವಿಭೂತಿ, ಹೊಗೆ ಎಲ್ಲ ಬೆರೆತು ಅವನ ಮೈ ಸುತ್ತ ಒಂದು ಮಂಜು ಕವಿದಂತಿರುತ್ತಿತ್ತು. ಜನ ಕೈಮುಗಿದು ಹಿಂದೆ ಸರಿಯುತ್ತಿದ್ದರು. ಅವನ ಒಡಪು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನ ಅಪ್ಪ, ಅಪ್ಪನ ಅಪ್ಪ ಬಾಯಿಂದ ಬಾಯಿಗೆ ದಾಟಿಸಿದ್ದು. ಅವನಿಗೆ ಓದು ಬರಹ ಬರುತ್ತಿರಲಿಲ್ಲ.

ಆ ಬಳಗ ಗಂಡಸರದು. ದೀಕ್ಷೆ ಪಡೆದವರು ಒಬ್ಬರನ್ನೊಬ್ಬರು ಅಣ್ಣ ಎನ್ನುತ್ತಿದ್ದರು. ಗುಗ್ಗಳದ ದಿನ ಒಂದೇ ಪಡಸಾಲೆಯಲ್ಲಿ ಒಟ್ಟಿಗೆ ಉಪವಾಸ ಕೂರುತ್ತಿದ್ದರು. ಹೆಂಗಸರು ಆ ಕೋಣೆಯ ಹೊಸ್ತಿಲವರೆಗೆ ಸಾರಿಸಬಹುದು, ಒಳಗೆ ಕಾಲಿಡುವಂತಿಲ್ಲ. ಖಡ್ಗ ಮುಟ್ಟುವಂತಿಲ್ಲ, ಒಡಪು ಬಾಯಲ್ಲಿ ಆಡುವಂತಿಲ್ಲ. ನನಗಿನ್ನೂ ಸಣ್ಣ ವಯಸ್ಸು, ದೀಪಕ್ಕೆ ಎಣ್ಣೆ ಹಾಕಲು ಒಳಗೆ ಬಿಡುತ್ತಿದ್ದರು. ಒಂದು ದಿನ ನಾನು ಕೊರಳ ಲಿಂಗ ತೋರಿಸಿ, ನನಗೂ ಲಿಂಗ ಕಟ್ಟಿದ್ದೀರಲ್ಲ, ಖಡ್ಗ ಯಾಕೆ ಹಿಡಿಯಬಾರದು ಎಂದು ಅಜ್ಜನನ್ನು ಕೇಳಿದೆ. "ಅದು ಹಿಂದಿನಿಂದ ಹಂಗ ಬಂದೈತಿ ಕೂಸ" ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ಜೋರಿರಲಿಲ್ಲ ಎಂಬುದು ಈಗ ನೆನಪಿಗೆ ಬರುತ್ತದೆ. ಆಗ ನನಗೆ ಅಷ್ಟೇ ಸಾಕಾಗಿತ್ತು.

ನೀಲವ್ವತ್ತೆ ಅಜ್ಜನ ಹಿರಿಯ ಮಗಳು, ನನ್ನ ಅಪ್ಪನ ಅಕ್ಕ. ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಎರಡು ವರ್ಷಕ್ಕೇ ಗಂಡ ತೀರಿಕೊಂಡ. ಅಜ್ಜನೇ ಹೋಗಿ ಕರೆತಂದನಂತೆ. ನಾನು ಕಂಡಾಗ ಅವಳು ನಲವತ್ತರ ಹತ್ತಿರದವಳು. ಉದ್ದನೆಯ ಆಳು, ಕಡಿಮೆ ಮಾತು, ಒರಟು ಕೈ. ನಸುಕಿನಲ್ಲಿ ಅವಳು ರೊಟ್ಟಿ ಬಡಿಯುವ ಸದ್ದಿಗೆ ನಾವು ಏಳುತ್ತಿದ್ದೆವು. ನಮ್ಮ ಕಡೆ ರೊಟ್ಟಿಯ ಸದ್ದು ಯಾವ ಮನೆಯಲ್ಲಿಲ್ಲ ಹೇಳಿ. ಆದರೆ ಅತ್ತೆಯ ಬಡಿತ ಒಂದೇ ಸಮ ಇರುತ್ತಿರಲಿಲ್ಲ. ನಡುನಡುವೆ ನಿಲ್ಲುತ್ತಿತ್ತು, ಆಮೇಲೆ ಓಡುತ್ತಿತ್ತು, ಕೊನೆಗೆ ಮೂರು ಗಟ್ಟಿ ಪೆಟ್ಟು. ಒಂದು ದಿನ ಒಲೆಯ ಪಕ್ಕ ಮುದುರಿ ಕೂತಿದ್ದಾಗ ಅವಳ ತುಟಿ ಅಲುಗುವುದನ್ನು ನೋಡಿದೆ. ಸಮಾಳದ ಪೆಟ್ಟಿಗೆ ಸರಿಯಾಗಿ ರೊಟ್ಟಿ ಬಡಿಯುತ್ತ, ದನಿಯಿಲ್ಲದೆ, ಅಜ್ಜನ ಒಡಪನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದಳು. ಪಡಸಾಲೆಯಲ್ಲಿ ಅಜ್ಜ ಬಳಗದವರಿಗೆ ಕಲಿಸುವಾಗಲೆಲ್ಲ ಗೋಡೆಯ ಈಚೆಗೆ ಕೂತವಳು ಅವಳೇ ತಾನೆ. ಮೂವತ್ತು ವರ್ಷ ಕೇಳಿದ್ದಳು. ನಾನು ನೋಡಿದೆನೆಂದು ಗೊತ್ತಾದಾಗ ಹಿಟ್ಟಿನ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು. ಆ ವಯಸ್ಸಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಗುಟ್ಟು ಅದು.

ನಾನು ಶಾಲೆಯ ಆರನೆಯ ಇಯತ್ತೆಯಲ್ಲಿದ್ದಾಗ ಅಜ್ಜನಿಗೆ ಲಕ್ವಾ ಹೊಡೆಯಿತು. ಹೊಲದಿಂದ ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಬಲಗೈ ಬಲಗಾಲು ಹೋದವು, ನಾಲಿಗೆ ಬಿದ್ದುಹೋಯಿತು. ಕಣ್ಣು ಮತ್ತು ಕಿವಿ ಮಾತ್ರ ಮೊದಲಿನಂತೆಯೇ ಇದ್ದವು. ಅದೇ ಸುಗ್ಗಿ ಮುಗಿದ ಮೇಲೆ ಅಪ್ಪನ ತಮ್ಮ ಮಲ್ಲಣ್ಣ ಕಾಕಾನ ಮದುವೆ ಗೊತ್ತಾಗಿತ್ತು. ನಮ್ಮ ಮನೆಯ ಗುಗ್ಗಳಕ್ಕೇ ಒಡಪು ಹೇಳುವವರಿಲ್ಲದಂತಾಯಿತು. ಬಳಗದವರಿಗೆ ತುಂಡು ತುಂಡು ಬರುತ್ತಿತ್ತು, ಪೂರ್ತಿ ಯಾರಿಗೂ ಬರುತ್ತಿರಲಿಲ್ಲ. ನನ್ನ ಅಪ್ಪ ದೀಕ್ಷೆ ಪಡೆದಿದ್ದ, ದನಿಯೂ ಚಲೋ ಇತ್ತು, ಆದರೆ ನೆನಪು ನಿಲ್ಲುತ್ತಿರಲಿಲ್ಲ. ಬಳಗದ ಹಿರಿಯ ಹಮ್ಮಿಗಿಯ ಸಂಗಪ್ಪಜ್ಜ ನಾಲ್ಕು ಜನರನ್ನು ಕರೆದುಕೊಂಡು ಬಂದ. ಅಜ್ಜ ಮಲಗಿದ್ದ ಹಗ್ಗದ ಬಾಜಿನ ಸುತ್ತ ಕೂತು ಒಬ್ಬೊಬ್ಬರೂ ತಮಗೆ ಗೊತ್ತಿದ್ದ ಸಾಲು ಹೇಳುವುದು, ತಪ್ಪಿದಲ್ಲಿ ಅಜ್ಜ ಕಣ್ಣು ಮುಚ್ಚುವುದು, ಮುಂದೇನೆಂದು ಯಾರಿಗೂ ತಿಳಿಯದೆ ಸುಮ್ಮನಾಗುವುದು. ಮಧ್ಯಾಹ್ನದವರೆಗೂ ಇದೇ ಆಯಿತು. ಸಂಗಪ್ಪಜ್ಜ ಪಂಚೆಯಿಂದ ಕಣ್ಣೊರೆಸಿಕೊಂಡ. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಅತ್ತೆ ಮುಂದಿನ ಸಾಲನ್ನು ಹೇಳಿದಳು. ಅದರ ಮುಂದಿನದನ್ನೂ ಹೇಳಿದಳು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಎಷ್ಟು ಬರುತ್ತದೆ ಎಂದು ಸಂಗಪ್ಪಜ್ಜ ಬಾಗಿಲನ್ನೇ ಕೇಳಿದ. ಎಲ್ಲಾ ಬರುತ್ತದೆ ಎಂದು ಬಾಗಿಲಿನಿಂದ ಉತ್ತರ ಬಂತು. ಹೆಣ್ಣಿನ ಬಾಯಿಂದ ಒಡಪು ಕಲಿತರೆ ದೀಕ್ಷೆ ಉಳಿಯುವುದಿಲ್ಲ ಎಂದರು ಒಬ್ಬರು. ಕಲಿಯದಿದ್ದರೆ ಒಡಪೇ ಉಳಿಯುವುದಿಲ್ಲ ಎಂದರು ಇನ್ನೊಬ್ಬರು. ಬಹಳ ಹೊತ್ತಿನ ಮೇಲೆ ಸಂಗಪ್ಪಜ್ಜ ಒಂದು ದಾರಿ ಕಂಡುಕೊಂಡ. ನೀಲವ್ವ ಹೇಳಲಿ, ಸಣ್ಣ ಕೂಸು ಬರೆದುಕೊಳ್ಳಲಿ, ನಾವು ಬರೆದದ್ದನ್ನು ಓದಿ ಕಲಿಯೋಣ. "ಕಾಗದಕ್ಕ ಹೆಣ್ಣು ಗಂಡು ಇರಾಂಗಿಲ್ಲ" ಎಂದ. ಸಣ್ಣ ಕೂಸು ಎಂದರೆ ನಾನು. ಹದಿನೈದು ದಿನ ಶಾಲೆಯಿಂದ ಬಂದವಳೇ ಒಲೆಯ ಮುಂದೆ ಕೂತು ಬರೆದೆ. ಅತ್ತೆ ಕಾಳು ಹಸನು ಮಾಡುತ್ತ, ಬುಟ್ಟಿಯೊಳಗೇ ನೋಡುತ್ತ ಹೇಳುತ್ತಿದ್ದಳು. ನನ್ನ ಕೈ ನೋಯುತ್ತಿತ್ತು, ಅವಳು ಒಂದು ಸಲವೂ ತಡವರಿಸಲಿಲ್ಲ. ಎರಡು ನೋಟುಬುಕ್ಕು ತುಂಬಿ ಮೂರನೆಯದರ ಅರ್ಧಕ್ಕೆ ಬಂದಾಗ ಮುಗಿಯಿತು. ಇಷ್ಟು ದೊಡ್ಡದನ್ನು ಒಬ್ಬ ಹೆಂಗಸು, ಅಕ್ಷರ ಬಾರದವಳು, ಯಾರೂ ಕೇಳಿರದಿದ್ದರೂ ಇಷ್ಟು ವರ್ಷ ಒಳಗೆ ಹೊತ್ತು ತಿರುಗಿದ್ದಳೆಂಬುದಕ್ಕೆ ನನಗೆ ಮೈ ಜುಮ್ಮೆಂದಿತು. ಅಜ್ಜನನ್ನು ಕಾವಿಯಲ್ಲಿ ನೋಡಿದಾಗ ಆಗುತ್ತಿದ್ದ ಅದೇ ಹೆದರಿಕೆ, ಅದೇ ಭಕ್ತಿ. ನೋಟುಬುಕ್ಕಿನ ರಟ್ಟಿನ ಮೇಲೆ ಅಪ್ಪ ಅಜ್ಜನ ಹೆಸರು ಬರೆಸಿದ.

ಗುಗ್ಗಳದ ಬೆಳಿಗ್ಗೆ ಡೋಣಿಯ ಓಣಿ ತುಂಬ ಜನ. ಮದುಮಗ ಮಲ್ಲಣ್ಣ ಕಾಕಾನ ಕೈಯಲ್ಲಿ ಕೆಂಡದ ಗಡಿಗೆ, ಅದರಿಂದ ಏಳುವ ಗುಗ್ಗಳದ ಬಿಳಿ ಹೊಗೆ. ಮುತ್ತೈದೆಯರು ಆರತಿ ಹಿಡಿದು ಸಾಲಾಗಿದ್ದರು. ಅತ್ತೆ ಆ ಸಾಲಿಗೆ ಬರುವಂತಿರಲಿಲ್ಲ. ಮಾಳಿಗೆ ಹತ್ತಿ ಅದರ ಅಂಚಿನ ಮೋಟುಗೋಡೆಯಾದ ಕುಂಬಿಯ ಹಿಂದೆ ನಿಂತಿದ್ದಳು, ನನ್ನನ್ನೂ ಜೊತೆಗೆ ಕರೆದುಕೊಂಡಿದ್ದಳು. ಅಪ್ಪ ಅಜ್ಜನ ಖಡ್ಗ ಹಿಡಿದು ಮನೆಯ ಮುಂದೆ ಒಡಪು ಎತ್ತಿಕೊಂಡ. ಚೆನ್ನಾಗಿಯೇ ಸಾಗಿತ್ತು. ದಾಕ್ಷಾಯಣಿ ಕರೆಯದೆ ಹೊರಟಳು, ದಾರಿ ನಡೆದಳು, ತಂದೆಯ ಬಾಗಿಲಿಗೆ ಬಂದು ನಿಂತಳು. ಅಲ್ಲಿ ಅಪ್ಪ ನಿಂತುಬಿಟ್ಟ. ಅದೇ ಸಾಲನ್ನು ಮತ್ತೆ ಹೇಳಿದ, ಮತ್ತೆ ನಿಂತ. ಸಮಾಳದವನು ಸ್ವಲ್ಪ ಹೊತ್ತು ತಾಳ ಎಳೆದ, ಆಮೇಲೆ ಅವನ ಕೋಲೂ ನಿಂತಿತು. ಒಡಪು ಮುಗಿಯದೆ ಗಡಿಗೆ ಮುಂದೆ ಹೋಗುವಂತಿಲ್ಲ, ಕೆಳಗಿಡುವಂತಿಲ್ಲ, ಕೆಂಡ ಆರುವಂತಿಲ್ಲ. ಆರಿದರೆ ಮದುವೆಗೆ ಅಪಶಕುನ. ಗಡಿಗೆಯ ಬಿಸಿಗೆ ಕಾಕಾ ಮತ್ತೆ ಮತ್ತೆ ಹಿಡಿತ ಬದಲಿಸುವುದು ಮೇಲಿನಿಂದ ಕಾಣುತ್ತಿತ್ತು. ಅಪ್ಪನ ಮುಖದ ವಿಭೂತಿಯ ಮೇಲೆ ಬೆವರಿನ ಗೆರೆ. ನನ್ನ ಪಕ್ಕದಲ್ಲಿ ಅತ್ತೆ ಕುಂಬಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

ಆ ದನಿಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಹದಿನೈದು ದಿನ ನನ್ನ ಕಿವಿಗೆ ಪಿಸುದನಿಯಲ್ಲಿ ಹೇಳಿದವಳು ಈಗ ಓಣಿಯ ಆ ತುದಿಗೆ ಕೇಳುವಂತೆ ಎತ್ತಿದಳು:

ಕರೆಯದ ಮನೆಯಲ್ಲವಿದು ತಂದೆ, ಹುಟ್ಟಿದ ಮನೆ,
ಈ ಹೊಸ್ತಿಲ ಹಿಡಿದೇ ನಾ ನಡೆ ಕಲಿತೆ.
ಎತ್ತಿ ಆಡಿಸಿದ ಕೈಯೇ ಅಡ್ಡ ಬಂದರೆ
ಇನ್ನಾವ ಬಾಗಿಲ ಬಡಿಯಲಿ ಹೇಳು.

ಕೆಳಗೆ ಒಬ್ಬರೂ ತಲೆಯೆತ್ತಲಿಲ್ಲ. ದನಿ ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಕೈಗಳು ಮುಗಿದಿದ್ದವು, ಸಂಗಪ್ಪಜ್ಜನ ಕೈಗಳೂ. ಹೊಗೆಯೊಳಗಿನಿಂದ ದೇವಿಯೇ ಮಾತಾಡಿದಳೆಂದು ನಂಬಿದವರ ಮುಖ ಹೇಗಿರುತ್ತದೆಂದು ನಾನು ಅವತ್ತು ಕಂಡೆ. ಆರತಿಯ ಹೆಂಗಸರಲ್ಲಿ ಯಾರೋ ಅತ್ತರು. ಅಪ್ಪ ಆ ಸಾಲನ್ನೇ ಹಿಡಿದು ಮುಂದಕ್ಕೆ ಹೊರಟ, ಸಮಾಳ ಮತ್ತೆ ಎದ್ದಿತು, ಗುಗ್ಗಳ ಸಾಗಿತು. ಅತ್ತೆ ಕುಂಬಿಯ ಹಿಂದೆ ಕುಸಿದು ಕೂತಳು. ಅವಳ ಮೈಯ ಕಾವು ಪಕ್ಕದಲ್ಲಿದ್ದ ನನಗೂ ತಾಗುತ್ತಿತ್ತು. ನಾನು ಮುಟ್ಟಲು ಹೆದರಿ ದೂರ ಸರಿದು ಕೂತೆ.

ಊಟದ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಸಂಗಪ್ಪಜ್ಜ ಕೆಟ್ಟವನಲ್ಲ, ನನಗೆ ಪುಟಾಣಿ ಬೆಲ್ಲ ತರುತ್ತಿದ್ದ ಮುದುಕ. ಅಡುಗೆಮನೆಯ ಬಾಗಿಲಿಗೆ ಬಂದು, ಕಣ್ಣು ನೆಲಕ್ಕಿಟ್ಟು ಮಾತಾಡಿದ. "ತಂಗಿ, ನೀ ಹೇಳಿದ್ದು ತಪ್ಪಲ್ಲ. ಹೇಳಿದ ಬಾಯಿ ನಿಂದಾತು, ಅದು ತಪ್ಪು" ಎಂದ. ಅತ್ತೆ, "ನಾ ಸುಮ್ಮನಿದ್ರ ಕೆಂಡ ಆರತಿತ್ತಲ್ರೀ" ಎಂದಳು. ಆದರೂ ಸಂಗಪ್ಪಜ್ಜ ಬಳಗದ ತೀರ್ಮಾನ ತಿಳಿಸಿದ: ಇನ್ನು ಮುಂದೆ ಎಲ್ಲೇ ಒಡಪು ನಡೆದರೂ ನೀಲವ್ವ ಅದು ಕಿವಿಗೆ ಬೀಳುವಲ್ಲಿ ನಿಲ್ಲಬಾರದು. ಹೇಳಿ ಮುಗಿಸಿದವನು ಹೋಗುವಾಗ, ತಾನು ಮುಗಿದಿದ್ದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನಂತೆ ಪಂಚೆಗೆ ಒರೆಸಿಕೊಳ್ಳುತ್ತ ಹೋದ. ಅತ್ತೆ ಆ ಮಾತನ್ನು ಸಾಯುವವರೆಗೂ ಮೀರಲಿಲ್ಲ. ಪಡಸಾಲೆಯಲ್ಲಿ ಬಳಗ ಸೇರಿತೆಂದರೆ ಹಿತ್ತಲ ದಾಟಿ ಹೊಲದ ಕಡೆ ನಡೆದುಬಿಡುತ್ತಿದ್ದಳು.

ಅವತ್ತು ಪಡಸಾಲೆಯ ಬಾಜಿನ ಮೇಲೆ ಮಲಗಿದ್ದ ಅಜ್ಜ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆಮೇಲೆ ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅತ್ತೆ ಅಂಬಲಿ ತಂದರೆ ಬಾಯಿ ತೆರೆಯಲಿಲ್ಲ, ಅವ್ವ ಕುಡಿಸಬೇಕಾಯಿತು. ಅತ್ತೆ ಅಳಲಿಲ್ಲ, ಆದರೆ ಅವಳ ರೊಟ್ಟಿಯ ಸದ್ದು ಎಲ್ಲರ ಮನೆಯ ಸದ್ದಿನಂತಾಯಿತು. ನಾಲ್ಕನೆಯ ಬೆಳಿಗ್ಗೆ ಅಜ್ಜ ಈಚೆ ಹೊರಳಿ, ಎಡಗೈ ಎತ್ತಿ, ಬಿದ್ದ ನಾಲಿಗೆಯಲ್ಲಿ ಬಹಳ ಕಷ್ಟಪಟ್ಟು, ಕರೆ, ಕರೆ, ಎಂದ. ಲಕ್ವಾ ಹೊಡೆದ ಮೇಲೆ ಅವನ ಬಾಯಿಂದ ಬಂದ ಮೊದಲ ಶಬ್ದ. ಅವ್ವ ಓಡಿಬಂದು, ಯಾರನ್ನ ಕರೀಲಿ ಮಾವಾರ ಎಂದು ಕೇಳಿದಳು. ಅಪ್ಪನ ಹೆಸರು ಹೇಳಿದಳು, ಸಂಗಪ್ಪಜ್ಜನ ಹೆಸರು ಹೇಳಿದಳು. ಅಜ್ಜ ಎಲ್ಲದಕ್ಕೂ ತಲೆ ಅಲ್ಲಾಡಿಸಿದ. ಅತ್ತೆಗೆ ಮಾತ್ರ ತಿಳಿಯಿತು. ಕೈಯ ಹಿಟ್ಟು ಒರೆಸಿಕೊಂಡು ಬಾಜಿನ ಬದಿಗೆ ನೆಲದ ಮೇಲೆ ಕೂತು, ಕರೆಯದ ಮನೆಯಲ್ಲವಿದು ತಂದೆ, ಎಂದು ಮೆಲ್ಲಗೆ ಆ ನಾಲ್ಕೂ ಸಾಲು ಹೇಳಿದಳು. ಅಜ್ಜನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅವನು ಬದುಕಿದ್ದ ಒಂದೂವರೆ ವರ್ಷ ಪ್ರತಿ ಬೆಳಿಗ್ಗೆ ಅದು ನಡೆಯಿತು. ಅವನು ಕರೆ ಎನ್ನುವುದು, ಅವಳು ಉಳಿದದ್ದನ್ನು ಹೇಳುವುದು. ಬೇರೆ ಯಾವ ಭಾಗವನ್ನೂ ಅವನು ಕೇಳುತ್ತಿರಲಿಲ್ಲ. ಯಾಕೆಂದು ನಾನು ಆಗ ಯೋಚಿಸಲಿಲ್ಲ.

ಅಜ್ಜ ಹೋದ ವರ್ಷವೇ ನಾನು ದೊಡ್ಡವಳಾದೆ. ಮರುದಿನದಿಂದ ಆ ಕೋಣೆಯ ದೀಪಕ್ಕೆ ಎಣ್ಣೆ ಹಾಕಲು ತಮ್ಮನನ್ನು ಕಳಿಸಿದರು. ಆಮೇಲೆ ಓದು, ನೌಕರಿ, ಗದುಗಿನ ಸಂಸಾರ. ಮನೆ ಪಾಲಾಯಿತು, ಮಾಳಿಗೆ ಸೋರಿತು, ಬಿತ್ತು. ನೋಟುಬುಕ್ಕನ್ನು ಮಾತ್ರ ಯಾರೋ ಝೆರಾಕ್ಸ್ ಮಾಡಿಸಿಕೊಂಡರು, ಅವರಿಂದ ಇನ್ನೊಬ್ಬರು. ನನ್ನ ಆರನೆಯ ಇಯತ್ತೆಯ ಅಕ್ಷರ ಈಗ ಎಷ್ಟೋ ಊರಿನ ಪುರವಂತರ ಮೊಬೈಲಿನಲ್ಲಿದೆ.

ಬಹಳ ವರ್ಷಗಳ ಮೇಲೆ ಶಿರಹಟ್ಟಿಯಲ್ಲಿ ನೆಂಟರ ಮನೆಯ ಗುಗ್ಗಳಕ್ಕೆ ಹೋಗಿದ್ದೆ. ಒಡಪು ಹೇಳಿದವನು ಹಣ್ಣು ಮುದುಕ. ನಮ್ಮಜ್ಜನ ಕೈಕೆಳಗೆ, ಅಜ್ಜ ಗಟ್ಟಿಯಾಗಿದ್ದಾಗಲೇ ಈ ಭಾಗವನ್ನಷ್ಟೇ ಬಾಯಿಂದ ಬಾಯಿಗೆ ಕಲಿತವನು. ದಾಕ್ಷಾಯಣಿ ತಂದೆಯ ಬಾಗಿಲಿಗೆ ಬಂದು ನಿಂತಳು ಎಂದವನು ನೇರವಾಗಿ ಯಜ್ಞಕುಂಡಕ್ಕೆ ಹೋದ. ನಡುವೆ ಅವಳ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಆಮೇಲೆ ಕೇಳಿದರೆ, ಅಲ್ಲಿ ಬೇರೆ ಸಾಲೇ ಇಲ್ಲ, ಈರಪ್ಪಣ್ಣ ಕಲಿಸಿದ್ದು ಇಷ್ಟೇ ಎಂದ. ನಾನು ಅಲ್ಲಿಂದ ಸೀದಾ ಡೋಣಿಯ ಬಸ್ಸು ಹತ್ತಿದೆ. ಅತ್ತೆ ನನ್ನ ತಮ್ಮನ ಹೊಸ ಮನೆಯ ಅಂಗಳದಲ್ಲಿ ಬಿಸಿಲು ಕಾಯುತ್ತ ಕೂತಿದ್ದಳು, ಕಣ್ಣು ಮಂಜಾಗಿತ್ತು. ಕೇಳಿದೆ. ಅವಳು ಹಲ್ಲಿಲ್ಲದ ಬಾಯಲ್ಲಿ ತುಸು ನಕ್ಕಳು. "ನಮ್ಮಪ್ಪ ಅಕಿನ್ನ ಬಾಗಲದಾಗ ನಿಂದ್ರಿಸಿ ಮುಂದ ಹೋಗ್ತಿದ್ದ. ಸಣ್ಣಾಕಿ ಇದ್ದಾಗಿಂದ ಕೇಳ್ತಿದ್ದೆ. ಅಷ್ಟ್ ದೂರ ನಡದ್ ಬಂದಾಕಿ ಏನರ ಅಂದಿರಬೇಕಲ್ಲವಾ?" ಎಂದಳು.

ಅಪ್ಪ ಅವತ್ತು ಅಲ್ಲೇ ಯಾಕೆ ತಡವರಿಸಿದ, ಅಜ್ಜ ಮೂರು ದಿನ ಯಾಕೆ ಗೋಡೆ ನೋಡಿದ, ನಾಲ್ಕನೆಯ ದಿನ ಯಾವುದಕ್ಕಾಗಿ ಕೈಯೆತ್ತಿದ ಎಂಬುದೆಲ್ಲ ಆ ಅಂಗಳದಲ್ಲಿ ನನಗೆ ಒಮ್ಮೆಗೇ ತಿಳಿಯಿತು. ಅಪ್ಪ ಕೇಳಿ ಬೆಳೆದ ಒಡಪಿನಲ್ಲಿ ಆ ಸಾಲೇ ಇರಲಿಲ್ಲ. ತನ್ನದಲ್ಲದ ಸಾಲು ಎಂದು ಅಜ್ಜನಿಗೆ ಕೇಳಿದ ಕ್ಷಣವೇ ಗೊತ್ತಾಗಿತ್ತು. ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ ಎಂದೆ. ಅತ್ತೆ ನನ್ನ ಮೊಣಕೈ ಹಿಡಿದು ತಡೆದಳು. "ನಂದಂತ ಗೊತ್ತಾದ್ರ ಕಿತ್ತು ಒಗಿತಾರ. ನಾ ಇರೂತನ ಸುಮ್ನಿರು." ಆ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ.

ಅತ್ತೆ ಹೋಗಿ ಆರು ವರ್ಷವಾಯಿತು. ಭಜನೆಯವರು ಬಂದಿದ್ದರು, ಕೂರಿಸಿ ಮಣ್ಣು ಮಾಡಿದರು. ಹೆಂಗಸಿನ ಸಾವಿಗೆ ಒಡಪು ಹೇಳುವ ರೂಢಿಯಿಲ್ಲ, ಯಾರೂ ಹೇಳಲಿಲ್ಲ. ಈ ಬೇಸಿಗೆಯಲ್ಲಿ ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ತರುಣನೊಬ್ಬ ಒಡಪು ಹೇಳುತ್ತಿದ್ದ. ಬಾಗಿಲಿಗೆ ಬಂದು ನಿಂತಳು ಎಂಬಲ್ಲಿ ಅವನು ಕುಣಿತ ನಿಲ್ಲಿಸಿದ, ಖಡ್ಗ ಕೆಳಗಿಳಿಸಿದ, ದನಿ ತಗ್ಗಿಸಿ ಆ ನಾಲ್ಕು ಸಾಲು ಹೇಳಿದ. ನನ್ನ ಅಕ್ಕಪಕ್ಕದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಗಿದ ಮೇಲೆ ಅವನು ಚಪ್ಪರದ ಬದಿಗೆ ಕೂತು ನೀರು ಕುಡಿಯುತ್ತಿದ್ದಾಗ ಹತ್ತಿರ ಹೋದೆ. ಅಲ್ಲಿ ಖಡ್ಗ ಯಾಕೆ ಇಳಿಸಿದೆ ಎಂದು ಕೇಳಿದೆ. ಯಾರೂ ಕಲಿಸಿದ್ದಲ್ಲವೆಂದೂ, ಆ ಸಾಲು ಬಂದಾಗ ಕೈ ತಾನೇ ಇಳಿಯುತ್ತದೆಂದೂ ಹೇಳಿದ. ಆಗ ಹೇಳಿಬಿಟ್ಟೆ. ಮಾಳಿಗೆ, ಕುಂಬಿ, ಕೆಂಡ, ಎಲ್ಲ.

ಅವನು ತಂಬಿಗೆ ಕೆಳಗಿಟ್ಟು ಕೇಳಿದ. ಸಿಟ್ಟಾಗುತ್ತಾನೆಂದು ನಾನು ಕಾಯುತ್ತಿದ್ದೆ. ಹೆಸರು ಕೇಳಿದ, ಹೇಳಿದೆ. ಇದ್ದಾರೆಯೇ ಎಂದು ಕೇಳಿದ, ಇಲ್ಲವೆಂದೆ. ಒಳಗೆ ಊಟಕ್ಕೆ ಕರೆಯುತ್ತಿದ್ದರು. ಅವನು ಏಳಲಿಲ್ಲ.

"ಒಮ್ಮಿ ಅವರ ಮುಂದ ಹೇಳಿ ತೋರಸಬೇಕಿತ್ರಿ" ಎಂದ. "ಎಲ್ಲೆರ ತಪ್ಪಿದ್ರ ತಿದ್ದತಿದ್ರು."